ಎರಡೂ ಕಪ್ಪು, ಎರಡೂ ಈಜುತ್ತವೆ, ಆದರೂ ನೆಂಟರಲ್ಲವಂತೆ. ಹೇಗೆ?

ಕೆರೆದಂಡೆ:
ಮಳೆ ಶುರುವಾದ ಮೇಲೆ ರಾತ್ರಿ ಲೈಟಿಗೆ ನೀರುದುಂಬಿಗಳು ಬಂದು ಬೀಳುತ್ತಿವೆ. ಎರಡು ಬಗೆ ಸಿಕ್ಕಿವೆ. ಒಂದು ಡೈಟಿಸಿಡೆ ಕುಟುಂಬದ್ದು, ಇನ್ನೊಂದು ಹೈಡ್ರೊಫಿಲಿಡೆ ಅಂತ ಗೊತ್ತಿದ್ದವರು ಹೇಳಿದರು. ಎರಡಕ್ಕೂ ನುಣುಪಾದ ಮೈ, ಹಿಂಗಾಲಲ್ಲಿ ಈಜೋಕೆ ಕೂದಲ ಸಾಲು. ಆದರೆ ಮೊದಲನೆಯದು ನೆಲದ ಮೇಲೆ ಓಡಾಡುವ ಕ್ಯಾರಬಿಡ್ ದುಂಬಿಗೆ ಹತ್ತಿರ, ಎರಡನೆಯದು ಸಗಣಿ ಹುಳು ಇರುವ ಪಾಲಿಫಾಗಾ ಗುಂಪಿನದಂತೆ. ಸುಮ್ನೆ ನೋಡಿದರೆ ನಂಬೋಕೇ ಆಗಲ್ಲ.

ಲೆನ್ಸ್‌ಧಾರಿ:
ಬೆನ್ನು ನೋಡಬೇಡಿ, ಮಗುಚಿ ಹಾಕಿ. ಹಿಂಗಾಲು ಎದೆಗೆ ಸೇರುವ ಕಡೆ ಕಾಕ್ಸಾ ಅನ್ನೋ ಬುಡದ ತುಂಡು ಇರುತ್ತದೆ. ಡೈಟಿಸಿಡ್‌ನಲ್ಲಿ ಅದು ಅಗಲವಾಗಿ ಹರಡಿ ಎದೆಗೇ ಅಂಟಿಕೊಂಡಿದೆ, ಅಲ್ಲಾಡುವುದಿಲ್ಲ. ಹಿಂದಕ್ಕೆ ಚಾಚಿ ಹೊಟ್ಟೆಯ ಮೊದಲ ಪಟ್ಟಿಯನ್ನು ನಡುವೆ ಕಡಿದು ಎಡಕ್ಕೊಂದು ಬಲಕ್ಕೊಂದು ತುಂಡು ಮಾಡಿಬಿಟ್ಟಿದೆ. ನೀರನ್ನೇ ಮುಟ್ಟದ ಕ್ಯಾರಬಿಡ್‌ನಲ್ಲೂ ಈ ಪಟ್ಟಿ ಹೀಗೇ ತುಂಡಾಗಿದೆ, ನೋಡಿ! ಹೈಡ್ರೊಫಿಲಿಡ್‌ನಲ್ಲಿ ಆ ಪಟ್ಟಿ ತುಂಡಾಗಿಲ್ಲ.

ಇನ್ನೊಂದು ಮಜಾ. ಹೈಡ್ರೊಫಿಲಿಡ್‌ನ ಮುಖದ ಮುಂದೆ ಮೀಸೆ ಥರ ಉದ್ದಕ್ಕೆ ಕಾಣುವುದು ಮೀಸೆಯಲ್ಲ, ಬಾಯಿಯ ಪಾಲ್ಪ್, ಅಂದರೆ ಆಹಾರ ಮುಟ್ಟಿ ನೋಡುವ ಕಡ್ಡಿಯಂಥ ಅಂಗ. ನಿಜವಾದ ಮೀಸೆ ಗಿಡ್ಡ, ತುದಿ ದಪ್ಪ, ತಲೆಯ ಕೆಳಗೆ ಮಡಚಿಟ್ಟಿರುತ್ತದೆ. ಗಾಳಿ ತೆಗೆದುಕೊಳ್ಳೋಕೆ ಅದನ್ನು ಮೇಲೆತ್ತುತ್ತದೆ, ಹಾಗಾಗಿ ತಲೆ ಮೊದಲು ಮೇಲೆ ಬರುತ್ತದೆ. ಡೈಟಿಸಿಡ್ ಹಿಂಭಾಗ ಎತ್ತುತ್ತದೆ. ಬಕೆಟ್‌ನಲ್ಲಿ ಬಿಟ್ಟು ನೋಡಿ.

ಕೆರೆದಂಡೆ:
ಸರಿ ಸರ್, ಆದರೆ ಕಾಕ್ಸಾ ಲೆಕ್ಕಕ್ಕೆ, ಈಜುಗೂದಲು ಲೆಕ್ಕಕ್ಕಿಲ್ಲ ಅಂದರೆ ನಮಗೆ ಬೇಕಾದ್ದನ್ನು ಆರಿಸಿಕೊಂಡ ಹಾಗಾಗಲಿಲ್ವಾ?

ಹುಳದಲೆ:
ಇಲ್ಲ, ಹೋಲಿಸಿ ನೋಡುವ ಲಕ್ಷಣಗಳಲ್ಲಿ ಕೂದಲನ್ನೂ ಸೇರಿಸುತ್ತಾರೆ. ಆದರೆ ಅದೊಂದು ಹೇಳುವ ಕಥೆಗೆ ಬೇರೆ ಅಂಗಗಳು ಹೂಂಗುಟ್ಟುವುದಿಲ್ಲ. ಮರಿಹುಳುಗಳನ್ನೇ ನೋಡಿ. ಎರಡೂ ಒಂದೇ ಕೆರೆಯಲ್ಲಿ ಬೇಟೆಯಾಡಿ ಬದುಕುತ್ತವೆ, ಆದರೂ ಡೈಟಿಸಿಡ್ ಮರಿಯ ಕಾಲಿಗೆ ಆರು ತುಂಡು, ತುದಿಗೆ ಎರಡು ಉಗುರು. ಹೈಡ್ರೊಫಿಲಿಡ್ ಮರಿಗೆ ಕೊನೆಯ ಎರಡು ತುಂಡು ಬೆಸೆದು ಐದೇ, ಉಗುರೂ ಒಂದೇ.

ಇಲ್ಲೇ ಜಾಸ್ತಿ ಜನ ಎಡವೋದು. ಆರು ತುಂಡು ಹಳೆಯ ಲಕ್ಷಣ. ಹಳೆಯದನ್ನು ಇಬ್ಬರು ಉಳಿಸಿಕೊಂಡಿದ್ದಾರೆ ಅಂದ ಮಾತ್ರಕ್ಕೆ ಅವರು ಹತ್ತಿರದವರಾಗುವುದಿಲ್ಲ. ಹೊಸದಾಗಿ ಬಂದ ಬದಲಾವಣೆಯನ್ನು ಹಂಚಿಕೊಂಡಿದ್ದರಷ್ಟೇ ಸಾಕ್ಷಿ. ಜರ್ಮನಿಯ ಕೀಟವಿಜ್ಞಾನಿ ವಿಲಿ ಹೆನಿಗ್ 1950ರಲ್ಲಿ ಹಿಡಿದ ಪಟ್ಟು ಇದೇ. ಹೊಟ್ಟೆಪಟ್ಟಿ ತುಂಡಾಗಿರುವುದು ಹೊಸದು, ಅದಕ್ಕೇ ಅದಕ್ಕೆ ಬೆಲೆ.

ಗೂಡುಮನೆ:
ಡಿಎನ್ಎ ಇರುವಾಗ ಇದೆಲ್ಲ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಪರ್ಮಿಯನ್ ಕಾಲದ, ಅಂದರೆ 25 ಕೋಟಿ ವರ್ಷಕ್ಕೂ ಹಿಂದಿನ ಕಲ್ಲಲ್ಲಿ ಡಿಎನ್ಎ ಸಿಗಲ್ಲ, ದುಂಬಿಯ ಮುಂದಿನ ರೆಕ್ಕೆಯ ಅಚ್ಚು ಸಿಗುತ್ತದೆ. ಹಾಗಂತ ಅಂಗರಚನೆ ಯಾವಾಗಲೂ ಗೆಲ್ಲುತ್ತದೆ ಅಂತಲೂ ಅಲ್ಲ. ಮಿಕ್ಸೊಫಾಗಾ ಅನ್ನೋ ಪುಟಾಣಿ ದುಂಬಿಗಳ ಮರಿಯ ಕಾಲಿನ ತುಂಡುಗಳೂ ಹೀಗೇ ಬೆಸೆದಿವೆ. ಅದನ್ನು ನಂಬಿ ಪಾಲಿಫಾಗಾ ಪಕ್ಕ ಕೂರಿಸಿದವರಿದ್ದಾರೆ. ಈಚಿನ ಡಿಎನ್ಎ ಕೆಲಸಗಳು ಆರ್ಕೊಸ್ಟೆಮಾಟಾ ಅನ್ನೋ ಇನ್ನೊಂದು ದುಂಬಿ ಗುಂಪಿನ ಪಕ್ಕ ಕೂರಿಸುತ್ತವೆ. ಹಾಗಾದರೆ ಕಾಲು ಎರಡು ಸಲ ಬೇರೆಬೇರೆಯಾಗಿ ಬೆಸೆದಿರಬೇಕು, ಅಲ್ವಾ?