ಅಪ್‌ಡೇಟ್: ಪೈಪ್ ಸೇದಿದ್ರೆ ನಾಲಿಗೆ ಉರಿಯೋದು ನಿಂತಿದೆ

ಹೋದ ವಾರ ಕೇಳಿದ್ನಲ್ಲ, ವರ್ಜೀನಿಯಾ ಫ್ಲೇಕ್ (ಒತ್ತಿ ತೆಳ್ಳಗೆ ಕತ್ತರಿಸಿದ ಪೈಪ್ ಹೊಗೆಸೊಪ್ಪು) ಸೇದಿದ್ರೆ ನಾಲಿಗೆ ತುದಿ ಚುರುಚುರು ಅನ್ನುತ್ತೆ, ರುಚಿನೇ ಗೊತ್ತಾಗಲ್ಲ ಅಂತ, ಅದು ಸರಿಹೋಯ್ತು. ಕೆಲಸ ಮಾಡಿದ್ದು ಮೊದಲು ಒಣಗಿಸಿ ಅಂದವರ ಸಲಹೆ. ಫ್ಲೇಕನ್ನ ಬೆರಳಲ್ಲಿ ಉಜ್ಜಿ ಬಿಡಿಬಿಡಿ ಮಾಡಿ ಪೇಪರ್ ಮೇಲೆ ಹರಡಿಟ್ಟೆ, ಒತ್ತಿದ್ರೆ ಮುದ್ದೆಯಾಗದೆ ಮತ್ತೆ ಬಿಚ್ಚಿಕೊಳ್ಳೋ ಹದಕ್ಕೆ ಬಂದ್ಮೇಲೆ ಸಡಿಲವಾಗಿ ತುಂಬಿ ನಿಧಾನಕ್ಕೆ ಎಳೆದೆ, ಒದ್ದೆ ಇದ್ರೆ ಬಿಸಿ ಹಬೆನೇ ನಾಲಿಗೆ ಸುಡೋದಂತೆ. ಈಗ ಒಣಹುಲ್ಲಿನ ಘಮ, ಹಿಂದೇನೇ ಸಣ್ಣ ಸಿಹಿ, ಎಷ್ಟ್ ಚೆನ್ನಾಗಿದೆ ಗೊತ್ತಾ! ಫಿಲ್ಟರ್ ಹಾಕಿದ್ದು ನನಗೆ ಉಪಯೋಗ ಆಗ್ಲಿಲ್ಲ, ರುಚಿ ಸಪ್ಪೆ ಆಯ್ತು ಅಷ್ಟೇ. ಇನ್ನೊಂದು ಆಶ್ಚರ್ಯ, ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ (ಸೊಪ್ಪು ಒಣಗಿಸೋ ಮನೆ) ಬಿಸಿ ಗಾಳಿಲಿ ಹದ ಮಾಡೋ ಹೊಗೆಸೊಪ್ಪೂ ಇದೇ ವರ್ಜೀನಿಯಾ ಜಾತಿದು, ಹಾಗೆ ಬೇಗ ಒಣಗಿಸೋದ್ರಿಂದ್ಲೇ ಎಲೆಯಲ್ಲಿ ಸಕ್ಕರೆ ಉಳಿಯೋದು.