ಆನ್‌ಲೈನ್ ಎಕ್ಸಾಮ್ ಶುರುವೇ ಆಗ್ಲಿಲ್ಲ, ಆಮೇಲೆ ‘ಅವಧಿ ಮುಗಿದಿದೆ’ ಅಂತ ಬಂತು. ಅರ್ಜೆಂಟ್ ಸಹಾಯ ಬೇಕು

ಕವಲೇದುರ್ಗ_07 · ನವೆಂಬರ್ 4, ರಾತ್ರಿ 10:52
ತಲೆ ಕೆಟ್ಟು ಗೊಬ್ಬರ ಆಗಿದೆ. ಇವತ್ತು ಪವರ್ ಸಿಸ್ಟಮ್ಸ್ ಮಿಡ್‌ಟರ್ಮ್ ಇತ್ತು. ಮನೆಯಿಂದಲೇ ಬರೆಯೋದು, ಕ್ಯಾಮೆರಾದಲ್ಲಿ ಆ ಕಡೆ ಒಬ್ಬ ಪ್ರಾಕ್ಟರ್ ಕೂತು ನೋಡ್ತಾನೆ. ಸಿಸ್ಟಮ್ ಚೆಕ್ ಮೊನ್ನೆನೇ ಪಾಸ್ ಆಗಿತ್ತು. ಟೈಮಿಗೆ ಹದಿನೈದು ನಿಮಿಷ ಮುಂಚೆನೇ ಐಡಿ ಕಾರ್ಡ್, ಎರಡು ಖಾಲಿ ಹಾಳೆ, ಕ್ಯಾಲ್ಕುಲೇಟರ್ ಇಟ್ಕೊಂಡು ಕೂತೆ. ಶುರು ಮಾಡೋ ಬಟನ್ನೇ ಬರಲ್ಲ! ‘ಸದ್ಯ ನಿಮಗೆ ಯಾವ ಪರೀಕ್ಷೆಯೂ ಲಭ್ಯವಿಲ್ಲ’ ಅಂತ ಬೂದು ಬಣ್ಣದಲ್ಲಿ ಒಂದು ಸಾಲು ಅಷ್ಟೆ. ರಿಫ್ರೆಶ್ ಮಾಡಿ ಮಾಡಿ ಎಫ್5 ಕೀ ಸವೆದಿರಬೇಕು. ರೂಟರ್ ಎರಡು ಸಲ ಆಫ್ ಆನ್ ಮಾಡಿದೆ, ಲಾಕ್‌ಡೌನ್ ಬ್ರೌಸರ್ (ಎಕ್ಸಾಮ್ ಬಿಟ್ಟು ಬೇರೇನೂ ತೆರೆಯೋಕೆ ಬಿಡಲ್ಲ) ತೆಗೆದು ಮತ್ತೆ ಹಾಕಿದೆ. ಕೊನೆಗೆ ನೋಡಿದ್ರೆ ‘ಪರೀಕ್ಷೆಯ ಅವಧಿ ಮುಗಿದಿದೆ’.

ಕೆಳಗೆ ಅಂಗಳದಲ್ಲಿ ಅಡಿಕೆ ಸುಲಿಯೋರು ಹನ್ನೆರಡು ಜನ ಇದ್ರು. ಮೈಕಿಗೆ ದನಿ ಬಿದ್ರೆ ಕಾಪಿ ಸಂಶಯ ಅಂತ ಫ್ಲ್ಯಾಗ್ ಮಾಡ್ತಾರೆ ಅಂತ ಅಮ್ಮ ಅವರಿಗೆಲ್ಲ ಎರಡು ಸಲ ಕಾಫಿ ಕೊಟ್ಟು ‘ಇವತ್ತೊಂದು ದಿನ ಸುಮ್ಮನಿರಿ’ ಅಂತ ಬೇಡ್ಕೊಂಡಿದ್ರು. ಎಲ್ಲ ನೀರಲ್ಲಿ ಹೋಮ. ನೆಟ್ಟಿಂದೇ ಪ್ರಾಬ್ಲಮ್ ಅಂತ ನನಗೆ ಗ್ಯಾರಂಟಿ. ಯಾರಿಗಾದ್ರೂ ಹೀಗಾಗಿದ್ಯಾ?

ಫೈಬರ್‌ಭಟ್ಟ · ನವೆಂಬರ್ 4, ರಾತ್ರಿ 11:05
ಓಎನ್‌ಯು (ಫೈಬರ್ ಬಾಕ್ಸ್) ಮೇಲೆ ಪಿಒಎನ್ ಲೈಟ್ ಹೇಗಿತ್ತು, ಲೈನ್ ಸರಿ ಇದ್ರೆ ಹಸಿರು ಇರುತ್ತೆ? ಸಿಗ್ನಲ್ ಇಲ್ಲ ಅನ್ನೋ ಎಲ್ಒಎಸ್ ಲೈಟ್ ಕೆಂಪು ಮಿಣುಕಿತ್ತಾ? ಬ್ರೌಸರಲ್ಲಿ 192.168.1.1 ಹಾಕಿ ಒಳಗೆ ಹೋಗಿ ಆಪ್ಟಿಕಲ್ ಪವರ್ ಎಷ್ಟಿದೆ ಹೇಳಿ. ಮೈನಸ್ 27 ಹತ್ತಿರ ಇದ್ರೆ ಸಿಗ್ನಲ್ ತೀರಾ ವೀಕು, ಸಂಶಯವೇ ಬೇಡ. ಡೌನ್‌ಲೋಡ್ ಚೆನ್ನಾಗೇ ಕಾಣುತ್ತೆ, ಅಪ್‌ಲೋಡ್ ಸಾಯಬಹುದು. ಪ್ರಾಕ್ಟರ್ ವಿಡಿಯೋಗೆ ಬೇಕಿರೋದೇ ಅಪ್‌ಲೋಡ್.

ತುಂಗಾದಂಡೆ · ನವೆಂಬರ್ 4, ರಾತ್ರಿ 11:11
ಏನ್ ಗುರು, ಯಾವ ಯೂನಿವರ್ಸಿಟಿ, ಯಾವ ಲ್ಯಾಪ್‌ಟಾಪ್, ಎಷ್ಟೊತ್ತಿಗೆ ಎಕ್ಸಾಮ್, ಏನೂ ಹೇಳ್ದೆ ‘ಸಹಾಯ ಬೇಕು’ ಅಂದ್ರೆ ನಾವೇನು ಕವಡೆ ಹಾಕಿ ನೋಡ್ಬೇಕಾ? ಎರಡನೇ ಮಾನಿಟರ್ ಕನೆಕ್ಟ್ ಆಗಿತ್ತಾ? ಎನಿಡೆಸ್ಕ್ (ದೂರದಿಂದ ಬೇರೆಯವರು ಕಂಪ್ಯೂಟರ್ ನಡೆಸೋ ಆ್ಯಪ್) ಹಿಂದೆ ಓಡ್ತಿತ್ತಾ? ವರ್ಚುವಲ್ ಮಷೀನಾ (ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್)?

ಕವಲೇದುರ್ಗ_07 · ನವೆಂಬರ್ 4, ರಾತ್ರಿ 11:20
ಒಂದೇ ಸ್ಕ್ರೀನ್. ಎನಿಡೆಸ್ಕ್ ತೆಗೆದು ವಾರ ಆಯ್ತು. ಯೂನಿವರ್ಸಿಟಿ ಹೊರದೇಶದ್ದು, ಹೆಸರು ಇಲ್ಲಿ ಬೇಡ, ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ.

ಟ್ಯೂಬುಲರ್‌ರಾಜ · ನವೆಂಬರ್ 5, ಬೆಳಿಗ್ಗೆ 6:40
ಇನ್ವರ್ಟರ್ ಸ್ಕ್ವೇರ್ ವೇವಾ ಸೈನ್ ವೇವಾ? ಅದು ಹೇಳಿ ಮೊದ್ಲು. ಸ್ಕ್ವೇರ್ ವೇವಲ್ಲಿ ರೂಟರ್ ಅಡಾಪ್ಟರ್ ಗುಂಯ್ ಅಂತ ಶುರು ಮಾಡುತ್ತೆ, ಪ್ಯಾಕೆಟ್ ಲಾಸ್ ಆಗುತ್ತೆ, ಅಂದ್ರೆ ಡೇಟಾ ದಾರೀಲೇ ಕಳೆದುಹೋಗುತ್ತೆ. ನಾನು ಪ್ಯೂರ್ ಸೈನ್ ವೇವ್ ಹಾಕಿ, 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು ಇಟ್ಟಿದೀನಿ. ಕಳೆದ ಜುಲೈಯಲ್ಲಿ ಆಗುಂಬೆ ಕಡೆ ಮರ ಬಿದ್ದು ಎರಡು ದಿನ ಕರೆಂಟ್ ಇರ್ಲಿಲ್ಲ, ನಮ್ಮನೇಲಿ ವೈಫೈ ಆಫೇ ಆಗಿಲ್ಲ.

ತುಂಗಾದಂಡೆ · ನವೆಂಬರ್ 5, ಬೆಳಿಗ್ಗೆ 8:02
ಸ್ಕ್ವೇರ್ ವೇವಿಗೆ ಪ್ಯಾಕೆಟ್ ಲಾಸಾ? ರೂಟರ್ ಅಡಾಪ್ಟರ್ ಎಸ್‌ಎಂಪಿಎಸ್. ಒಳಗೆ ಬರೋ ಎಸಿ ಕರೆಂಟ್ ಹೇಗೇ ಇರ್ಲಿ, ಅದು ರೆಕ್ಟಿಫೈ ಮಾಡಿ 12 ವೋಲ್ಟ್ ಡಿಸಿ ಮಾಡುತ್ತೆ. ಗುಂಯ್ ಅನ್ನೋದು ಫ್ಯಾನು. ಸಾವಿರದ ಚಿಲ್ರೆಗೆ ಒಂದು ಮಿನಿ ಯುಪಿಎಸ್ ಸಿಗುತ್ತೆ, ರೂಟರಿಗೆ ನೇರ ಡಿಸಿ ಕೊಡಬಹುದು. ಅದಕ್ಕೆ ಯಾರೂ ಎರಡೆರಡು ಟ್ಯೂಬುಲರ್ ಹೊತ್ಕೊಂಡು ಬರಲ್ಲ.

ಟ್ಯೂಬುಲರ್‌ರಾಜ · ನವೆಂಬರ್ 5, ಬೆಳಿಗ್ಗೆ 8:09
12 ವೋಲ್ಟ್ ಇಂಟು 150 ಅಂದ್ರೆ ಒಂದು ಬ್ಯಾಟರಿಗೆ 1800 ವಾಟ್ ಅವರ್. ನಿಮ್ಮ ಮಿನಿ ಯುಪಿಎಸ್ ಎಷ್ಟು? ಮಳೆಗಾಲದಲ್ಲಿ ಬಂದು ಒಂದು ವಾರ ಇರಿ, ಆಮೇಲೆ ಮಾತಾಡಿ. ಶಿವಮೊಗ್ಗ ಸಿಟೀಲಿ ಕೂತು ಹೇಳೋದು ಸುಲಭ.

ಹಳೇಮೇಷ್ಟ್ರು · ನವೆಂಬರ್ 5, ಬೆಳಿಗ್ಗೆ 9:30
ಯಾರಾದರೂ ಲಿಂಗನಮಕ್ಕಿ ಕಟ್ಟಿದ ಕಥೆ ಶುರು ಮಾಡುವ ಮುಂಚೆ ಒಂದು ಪ್ರಶ್ನೆ. ಕವಲೇದುರ್ಗದವರೇ, ಪರೀಕ್ಷೆಯ ಸ್ಲಾಟ್ ಬುಕ್ ಮಾಡಿದ್ದು ಯಾವ ದಿನ? ಕನ್ಫರ್ಮೇಶನ್ ಇಮೇಲ್‌ನಲ್ಲಿ ಸಮಯದ ಸಾಲು ಹೇಗಿದೆಯೋ ಹಾಗೆಯೇ, ಒಂದಕ್ಷರ ಬಿಡದೆ ಇಲ್ಲಿ ಬರೆಯಿರಿ.

ಫೈಬರ್‌ಭಟ್ಟ · ನವೆಂಬರ್ 5, ಬೆಳಿಗ್ಗೆ 9:34
ಮೇಷ್ಟ್ರೇ, ನೆಟ್ ಸರಿ ಇದ್ರೆ ತಾನೆ ಟೈಮ್? ಪವರ್ ಎಷ್ಟು ಅಂತ ಅವರು ಇನ್ನೂ ಹೇಳಿಲ್ಲ. ನಮ್ಮ ಲೈನಲ್ಲಿ ಮಂಗ ಜೋತುಬಿದ್ದು ಕೇಬಲ್ ಬಗ್ಗಿತ್ತು, ತುಂಡಾಗಿರ್ಲಿಲ್ಲ. ಒಂದು ತಿಂಗಳು ಹಗಲೆಲ್ಲ ನೆಟ್ ಸರಿ, ಸಂಜೆ ಮಂಜು ಬಿದ್ದ ಕೂಡ್ಲೆ ಹಾಳು. ಕೊನೆಗೆ ಕಂಬ ಹತ್ತಿ ನೋಡಿದ್ರೆ ಜಾಯಿಂಟ್ ಬಾಕ್ಸಲ್ಲಿ ನೀರು. ನಿಮ್ಮದೂ ಅದೇ. ಬರೆದಿಟ್ಕೊಳ್ಳಿ.

ಶರಾವತಿ_ಹಿನ್ನೀರು · ನವೆಂಬರ್ 5, ಮಧ್ಯಾಹ್ನ 1:15
ಇದೆಂತ ಮಾರಾಯ, ಇಂಥ ಎಕ್ಸಾಮಿಗೆ ಮನೆ ಒಳಗೆಲ್ಲ ಕ್ಯಾಮೆರಾ ತಿರುಗಿಸಿ ತೋರಿಸ್ಬೇಕಾ? ಮಂಚದ ಕೆಳಗೂ? ಅಮೆರಿಕದಲ್ಲೇ ಇದು ಕೋರ್ಟಿಗೆ ಹೋಗಿತ್ತು. ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ ವಿದ್ಯಾರ್ಥಿ ಒಬ್ಬ ಕೇಸು ಹಾಕಿದ್ದ. 2022ರ ಆಗಸ್ಟಲ್ಲಿ ಓಹಾಯೊದ ಫೆಡರಲ್ ಕೋರ್ಟು, ಹಾಗೆ ರೂಮ್ ಸ್ಕ್ಯಾನ್ ಮಾಡಿದ್ದು ಅವರ ಸಂವಿಧಾನದ ನಾಲ್ಕನೇ ತಿದ್ದುಪಡಿಗೆ (ಸರಿಯಾದ ಕಾರಣ ಇಲ್ದೆ ಸರ್ಕಾರ ಮನೆ ಶೋಧಿಸಬಾರ್ದು ಅನ್ನೋದು) ವಿರುದ್ಧ ಅಂತ ಹೇಳ್ತು. ನೀವೂ ಮಾಡಲ್ಲ ಅನ್ನಿ.

ತುಂಗಾದಂಡೆ · ನವೆಂಬರ್ 5, ಮಧ್ಯಾಹ್ನ 1:31
ಅದು ಅಲ್ಲಿನ ಸರ್ಕಾರಿ ಯೂನಿವರ್ಸಿಟಿ, ಅಲ್ಲಿನ ಹುಡುಗ, ಅಲ್ಲಿನ ಕೋರ್ಟು. ಇವರು ತೀರ್ಥಹಳ್ಳಿ ಹತ್ರ ಅಟ್ಟದ ಮೇಲೆ ಕೂತು ‘ನಾಲ್ಕನೇ ತಿದ್ದುಪಡಿ’ ಅಂದ್ರೆ ಪ್ರಾಕ್ಟರ್ ನೇರ ಸೊನ್ನೆ ಹಾಕ್ತಾನೆ.

ಶರಾವತಿ_ಹಿನ್ನೀರು · ನವೆಂಬರ್ 5, ಮಧ್ಯಾಹ್ನ 1:40
ಹೇಳ್ದೆ ಅಷ್ಟೆ. ಅಂದಹಾಗೆ ಕ್ಯಾಲ್ಕುಲೇಟರ್ ಯಾವುದು? ಕ್ಯಾಸಿಯೋ 991 ಬಿಡ್ತಾರಾ?

ಕವಲೇದುರ್ಗ_07 · ನವೆಂಬರ್ 5, ಸಂಜೆ 5:48
991 ಬಿಡ್ತಾರೆ, ಮುಚ್ಚಳದ ಒಳಗಡೆನೂ ತೋರಿಸ್ಬೇಕು. ರಫ್ ಹಾಳೆ ಎರಡೂ ಕಡೆ ತೋರಿಸಿ, ಮುಗಿದ ಮೇಲೆ ಕ್ಯಾಮೆರಾ ಮುಂದೆನೇ ಹರಿಯಬೇಕು. ಇದೆಲ್ಲ ನನಗೆ ಗೊತ್ತು, ರೂಲ್ಸ್ ಓದಿದೀನಿ. ನನ್ನ ಪ್ರಶ್ನೆ ಬಟನ್ ಯಾಕೆ ಬರ್ಲಿಲ್ಲ ಅಂತ!

ಭಟ್ರೇ, ಪವರ್ ನೋಡೋಕೆ ಲಾಗಿನ್ ಪಾಸ್‌ವರ್ಡ್ ಇಲ್ಲ, ಹಾಕ್ಸಿದ ಹುಡುಗನಿಗೆ ಫೋನ್ ಮಾಡ್ತೀನಿ. ಪಿಒಎನ್ ಹಸಿರೇ ಇತ್ತು.

ಫೈಬರ್‌ಭಟ್ಟ · ನವೆಂಬರ್ 5, ಸಂಜೆ 5:55
ಹಸಿರು ಇದ್ದ ಮಾತ್ರಕ್ಕೆ ಆಗಲ್ಲ. ‘ಅವಧಿ ಮುಗಿದಿದೆ’ ಅಂತ ಬಂದಾಗ, ಸರಿಯಾಗಿ ಆ ಹೊತ್ತಲ್ಲಿ, ಲೈಟ್ ಹೇಗಿತ್ತು?

ಕವಲೇದುರ್ಗ_07 · ನವೆಂಬರ್ 5, ಸಂಜೆ 6:03
ಆಗ ನಾನು ಮನೇಲಿ ಇರ್ಲಿಲ್ಲ.

ತುಂಗಾದಂಡೆ · ನವೆಂಬರ್ 5, ಸಂಜೆ 6:04
ಏನು???

ಕವಲೇದುರ್ಗ_07 · ನವೆಂಬರ್ 5, ಸಂಜೆ 6:16
ಮನೇಲಿ ಮುಕ್ಕಾಲು ಗಂಟೆ ಒದ್ದಾಡಿ, ಇಲ್ಲಿ ಆಗಲ್ಲ ಅಂತ 7:12ಕ್ಕೆ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಬೈಕ್ ಹತ್ತಿದೆ. ತೀರ್ಥಹಳ್ಳಿ ಪೇಟೇಲಿ ಫ್ರೆಂಡ್ ರೂಮ್ ಇದೆ, ಅಲ್ಲಿ ನೆಟ್ ಗಟ್ಟಿ. ದಾರೀಲಿ ಸಣ್ಣಗೆ ಮಳೆ ಬೇರೆ. ರೂಮ್ ಮುಟ್ಟಿದಾಗ 7:50. ತೆಗೆದು ನೋಡಿದ್ರೆ ‘ಮುಗಿದಿದೆ’. ಇದು ಮುಖ್ಯ ಅಂತ ಅನ್ನಿಸ್ಲಿಲ್ಲ, ಅದಕ್ಕೇ ಬರೀಲಿಲ್ಲ.

ತುಂಗಾದಂಡೆ · ನವೆಂಬರ್ 5, ಸಂಜೆ 6:20
ಮುಖ್ಯ ಅಂತ ಅನ್ನಿಸ್ಲಿಲ್ವಂತೆ. ಶಿವಶಿವಾ. ರೂಮಲ್ಲಿ ಫ್ರೆಂಡ್ ಕೂತಿದ್ರೆ ಅದೇ ಬೇರೆ ಕೇಸ್ ಆಗಿರೋದು, ಗೊತ್ತಲ್ಲ?

ಹಳೇಮೇಷ್ಟ್ರು · ನವೆಂಬರ್ 5, ಸಂಜೆ 6:31
ನಾನು ಬೆಳಿಗ್ಗೆ ಕೇಳಿದ್ದು ಹಾಗೆಯೇ ಉಳಿದಿದೆ. ಇಮೇಲ್‌ನ ಆ ಸಾಲು.

ಕವಲೇದುರ್ಗ_07 · ನವೆಂಬರ್ 5, ಸಂಜೆ 6:44
ಮಂಗಳವಾರ, ನವೆಂಬರ್ 4, 2025, 9:00 ಎಎಂ ಇಟಿ. ಚೆಕ್‌ಇನ್ ಶುರುವಾದ 15 ನಿಮಿಷದ ಒಳಗೆ ಬರಬೇಕು.
ಇಟಿ ಅಂದ್ರೆ ಈಸ್ಟರ್ನ್ ಟೈಮ್, ನ್ಯೂಯಾರ್ಕ್ ಕಡೆಯ ಸಮಯ. ಬುಕ್ ಮಾಡಿದ್ದು ದೀಪಾವಳಿ ರಜೆಯಲ್ಲಿ, ಬಲಿಪಾಡ್ಯಮಿ ದಿನ. ಆವತ್ತೇ ಗೂಗಲ್‌ನಲ್ಲಿ ಕೇಳಿದೆ, ನ್ಯೂಯಾರ್ಕಲ್ಲಿ ಬೆಳಿಗ್ಗೆ 9 ಅಂದ್ರೆ ನಮಗೆ ಸಂಜೆ 6:30. ಮರೀಬಾರ್ದು ಅಂತ ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ 6:30 ಅಂತ ಬರೆದು ರೌಂಡ್ ಹಾಕಿದೀನಿ. ಟೈಮಲ್ಲಿ ತಪ್ಪಿಲ್ಲ.

ಹಳೇಮೇಷ್ಟ್ರು · ನವೆಂಬರ್ 5, ಸಂಜೆ 7:02
ತಪ್ಪು ಅಲ್ಲಿಯೇ ಇದೆ. ಬಲಿಪಾಡ್ಯಮಿಯ ದಿನ ನಿಮ್ಮ ಲೆಕ್ಕ ಸರಿಯಾಗಿತ್ತು. ನವೆಂಬರ್ 4ಕ್ಕೆ ಸರಿಯಾಗಿರಲಿಲ್ಲ.

ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ವಾಪಸ್ ಹಿಂದಿಡುತ್ತಾರೆ. ಈ ಸಲ ಅದು ನವೆಂಬರ್ 2, ನಿಮ್ಮ ಪರೀಕ್ಷೆಗೆ ಎರಡೇ ದಿನ ಮೊದಲು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಯುಟಿಸಿಗಿಂತ (ಜಗತ್ತಿಗೆಲ್ಲ ಆಧಾರವಾದ ಸಮಯ) 4 ಗಂಟೆ ಹಿಂದೆ, ನಾವು ಐದೂವರೆ ಗಂಟೆ ಮುಂದೆ; ಒಟ್ಟು ಒಂಬತ್ತೂವರೆ. ನವೆಂಬರ್ 2ರ ನಂತರ ಅವರು 5 ಗಂಟೆ ಹಿಂದೆ, ಒಟ್ಟು ಹತ್ತೂವರೆ. ನಮ್ಮ ಗಡಿಯಾರ ಅಲ್ಲಾಡುವುದಿಲ್ಲ, ಅವರದು ಅಲ್ಲಾಡುತ್ತದೆ. ಬೆಳಿಗ್ಗೆ 9 ಎಂದರೆ ನಿನ್ನೆ ನಮಗೆ ಸಂಜೆ 7:30.

ನೀವು 6:15ಕ್ಕೆ ಕೂತಾಗ ಬಟನ್ ಬರಲಿಲ್ಲ, ಏಕೆಂದರೆ ಪರೀಕ್ಷೆಗೆ ಇನ್ನೂ ಒಂದೂಕಾಲು ಗಂಟೆ ಇತ್ತು. 7:30ಕ್ಕೆ ಬಟನ್ ಬಂದಿತ್ತು. ಆಗ ನಿಮ್ಮ ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. 7:45ಕ್ಕೆ ಬಾಗಿಲು ಮುಚ್ಚಿತು.

ಕವಲೇದುರ್ಗ_07 · ನವೆಂಬರ್ 5, ಸಂಜೆ 7:09
ಅಯ್ಯೋ.

ಶರಾವತಿ_ಹಿನ್ನೀರು · ನವೆಂಬರ್ 5, ಸಂಜೆ 7:25
ಹೌದು ಮಾರಾಯ! ನನಗೂ ಜರ್ಮನಿ ಕೋರ್ಸಲ್ಲಿ ಇದೇ ಆಗಿತ್ತು. ಯುರೋಪಿನವರದ್ದು ಇನ್ನೂ ಗಲಾಟೆ, ಅವರು ಅಕ್ಟೋಬರ್ ಕೊನೆಯ ಭಾನುವಾರವೇ ಬದಲಿಸ್ತಾರೆ, ಈ ಸಲ 26ಕ್ಕೆ. ನಡುವೆ ಒಂದು ವಾರ ಯುರೋಪು ಬದಲಾಗಿರುತ್ತೆ, ಅಮೆರಿಕ ಆಗಿರಲ್ಲ. ಇದೆಂತಕ್ಕೆ ಬೇಕು ಇವರಿಗೆ? ನಮ್ಮಜ್ಜ ಹೇಳ್ತಿದ್ರು, ಎರಡನೇ ಮಹಾಯುದ್ಧದ ಹೊತ್ತಲ್ಲಿ ನಮ್ಮಲ್ಲೂ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿದ್ರಂತೆ. ದನಕ್ಕೆ ಅದು ಗೊತ್ತಾಗ್ತಾ? ಹಾಲು ಕರೆಯೋ ಹೊತ್ತು ಹಾಗೇ ಇತ್ತು ಅಂತ.

ತುಂಗಾದಂಡೆ · ನವೆಂಬರ್ 5, ಸಂಜೆ 7:40
ಅರಿಜೋನಾದಲ್ಲಿ ಬದಲಿಸಲ್ಲ ಅಂತ ಒಂದು ಮಾತು ಸೇರ್ಸಿ. ಇನ್ನೊಂದು, ಕೆಲವು ಪ್ರೊಫೆಸರ್‌ಗಳು ವರ್ಷವಿಡೀ ‘ಇಎಸ್‌ಟಿ’ (ಈಸ್ಟರ್ನಿನ ಚಳಿಗಾಲದ ಸಮಯ) ಅಂತಲೇ ಬರೀತಾರೆ, ಬೇಸಿಗೇಲಿ ಅದು ಇಡಿಟಿ (ಒಂದು ಗಂಟೆ ಮುಂದಿಟ್ಟ ಸಮಯ) ಆಗ್ಬೇಕು. ನಂಬಿ ಲೆಕ್ಕ ಹಾಕಿದ್ರೆ ಒಂದು ಗಂಟೆ ಲೇಟು. ‘ಇಟಿ’ ಅಂತಿದ್ರೆ ವಾಸಿ. ಅಸೈನ್‌ಮೆಂಟ್ ಡೆಡ್‌ಲೈನ್ ರಾತ್ರಿ 11:59 ಇಟಿ ಅಂದ್ರೆ ಈಗ ನಮಗೆ ಮರುದಿನ ಬೆಳಿಗ್ಗೆ 10:29, ಬೇಸಿಗೇಲಿ 9:29.

ಟ್ಯೂಬುಲರ್‌ರಾಜ · ನವೆಂಬರ್ 5, ರಾತ್ರಿ 8:00
ಅಂದ್ರೆ ಇನ್ವರ್ಟರ್ ಪ್ರಾಬ್ಲಮ್ ಅಲ್ಲ.

ತುಂಗಾದಂಡೆ · ನವೆಂಬರ್ 5, ರಾತ್ರಿ 8:01
ಅಲ್ಲ ರಾಜಣ್ಣ.

ಕವಲೇದುರ್ಗ_07 · ನವೆಂಬರ್ 5, ರಾತ್ರಿ 9:17
ಈಗ ಇನ್ನೊಂದು ಕಥೆ ಇದೆ. ನಿನ್ನೆ ರಾತ್ರಿನೇ ಸಿಟ್ಟಲ್ಲಿ ಅವರಿಗೆ ಮೇಲ್ ಮಾಡಿಬಿಟ್ಟಿದೀನಿ, ‘ಕರೆಂಟ್ ಮತ್ತು ಇಂಟರ್‌ನೆಟ್ ಹೋಗಿತ್ತು, ಮೇಕಪ್ ಎಕ್ಸಾಮ್ (ಮರುಪರೀಕ್ಷೆ) ಕೊಡಿ’ ಅಂತ. ಈಗ ಉತ್ತರ ಬಂದಿದೆ, ನೆಟ್ ಕೊಡೋರಿಂದ ಲೆಟರ್ ತಂದು ಅಪ್‌ಲೋಡ್ ಮಾಡಿ ಅಂತಾರೆ.

ಫೈಬರ್‌ಭಟ್ಟ · ನವೆಂಬರ್ 5, ರಾತ್ರಿ 9:22
ಲೆಟರ್ ತಾನೆ? ನಮ್ಮೂರ ಹುಡುಗ ಬರೆದುಕೊಡ್ತಾನೆ, ಸೀಲೂ ಇದೆ.

ಹಳೇಮೇಷ್ಟ್ರು · ನವೆಂಬರ್ 5, ರಾತ್ರಿ 9:50
ದಯವಿಟ್ಟು ಆ ಕೆಲಸ ಮಾಡಬೇಡಿ. 6:15ರಿಂದ 7 ಗಂಟೆ ದಾಟುವವರೆಗೆ ನೀವು ಮನೆಯ ನೆಟ್‌ನಿಂದ ಅವರ ಪೋರ್ಟಲ್ಲನ್ನು ನೂರು ಸಲ ರಿಫ್ರೆಶ್ ಮಾಡಿದ್ದೀರಿ. ಪ್ರತಿಯೊಂದೂ ಅವರ ಸರ್ವರ್ ಲಾಗ್‌ನಲ್ಲಿ ಸಮಯ ಸಮೇತ ಕೂತಿರುತ್ತದೆ. ನೆಟ್ ಇರಲಿಲ್ಲ ಎನ್ನುವ ಪತ್ರವನ್ನೂ ಆ ಲಾಗನ್ನೂ ಪಕ್ಕಪಕ್ಕ ಇಟ್ಟರೆ, ಈಗ ಬರೀ ತಡವಾಗಿ ಬಂದ ವಿದ್ಯಾರ್ಥಿ ನಾಳೆ ಸುಳ್ಳು ದಾಖಲೆ ಕೊಟ್ಟ ವಿದ್ಯಾರ್ಥಿ ಆಗುತ್ತೀರಿ. ಅದೇ ಲಾಗ್ ನಿಮ್ಮ ಪರವಾಗಿಯೂ ಇದೆ: ಒಂದು ಗಂಟೆ ಮೊದಲೇ ಬಂದು ಕಾದವರು ಪರೀಕ್ಷೆ ತಪ್ಪಿಸಿಕೊಳ್ಳಲು ನೋಡಿದವರಲ್ಲ. ಇದ್ದದ್ದು ಇದ್ದಹಾಗೆ ಬರೆಯಿರಿ. ಮೊದಲ ಮೇಲ್‌ನಲ್ಲಿ ಕಾರಣ ತಪ್ಪಾಗಿ ಊಹಿಸಿದ್ದೆ ಎಂದೂ ಬರೆಯಿರಿ. ಆ ಕ್ಯಾಲೆಂಡರ್ ಹಾಳೆಯ ಫೋಟೋ ಹಾಕಿ.

ತುಂಗಾದಂಡೆ · ನವೆಂಬರ್ 5, ರಾತ್ರಿ 10:05
ಮತ್ತೆ ಮುಂದಿನ ಸಲಕ್ಕೆ: ಗೋಡೆ ಕ್ಯಾಲೆಂಡರ್ ಬಿಡಿ. ಗೂಗಲ್ ಕ್ಯಾಲೆಂಡರಲ್ಲಿ ಇವೆಂಟ್ ಹಾಕುವಾಗ ಟೈಮ್‌ಝೋನ್ ನ್ಯೂಯಾರ್ಕ್ ಅಂತ ಆರಿಸಿ 9:00 ಹಾಕಿ, ಅದು ತಾನೇ ಆ ದಿನದ ಲೆಕ್ಕ ಹಾಕುತ್ತೆ. ಗೂಗಲ್‌ಗೆ ಕೇಳೋದಾದ್ರೂ ತಾರೀಕು ಸೇರಿಸಿ ಕೇಳಿ, ‘ಈಗ ಎಷ್ಟು’ ಅಂತ ಅಲ್ಲ. ವಿಂಡೋಸಲ್ಲಿ ಇನ್ನೂ ಎರಡು ಗಡಿಯಾರ ಸೇರಿಸಬಹುದು, ಮೂಲೇಲಿ ಇರೋ ಟೈಮ್ ಮೇಲೆ ಮೌಸ್ ಇಟ್ರೆ ಕಾಣುತ್ತೆ.

ಕವಲೇದುರ್ಗ_07 · ನವೆಂಬರ್ 10, ರಾತ್ರಿ 8:30
ಅಪ್‌ಡೇಟ್. ಮೇಷ್ಟ್ರು ಹೇಳಿದ ಹಾಗೇ ಬರೆದೆ, ಕ್ಯಾಲೆಂಡರ್ ಫೋಟೋ ಸಮೇತ. 6:30ರ ಪಕ್ಕದಲ್ಲೇ ಅಮ್ಮ ‘ಹಂಡೆ ತೊಳೆಸಬೇಕು’ ಅಂತ ಬರೆದಿದ್ರು, ಅದೂ ಹೋಯ್ತು. ಮೇಕಪ್ ಕೊಟ್ಟಿದ್ದಾರೆ, ಹತ್ತು ಪರ್ಸೆಂಟ್ ಮಾರ್ಕ್ಸ್ ಕಟ್. ನವೆಂಬರ್ 18, 9:00 ಎಎಂ ಇಟಿ. ಕ್ಯಾಲೆಂಡರ್ ಆ್ಯಪಲ್ಲಿ 7:30 ತೋರಿಸ್ತಿದೆ. ಯಾರಾದ್ರೂ ಒಂದ್ಸಲ ಹೌದು ಅಂತ ಹೇಳಿ.

ಹಳೇಮೇಷ್ಟ್ರು · ನವೆಂಬರ್ 10, ರಾತ್ರಿ 8:41
ಹೌದು. 7:30.

ಶರಾವತಿ_ಹಿನ್ನೀರು · ನವೆಂಬರ್ 10, ರಾತ್ರಿ 8:44
7:30. ಈ ಸಲ ಬೈಕಿನ ಕೀ ಅಮ್ಮನ ಕೈಗೆ ಕೊಡಿ.

ಫೈಬರ್‌ಭಟ್ಟ · ನವೆಂಬರ್ 10, ರಾತ್ರಿ 9:12
ಎಲ್ಲ ಸರಿ. ಪವರ್ ಎಷ್ಟು ಅಂತ ಕೊನೆಗೂ ಹೇಳಲೇ ಇಲ್ಲ.

ಕವಲೇದುರ್ಗ_07 · ನವೆಂಬರ್ 11, ಬೆಳಿಗ್ಗೆ 7:20
ಹುಡುಗ ಬಂದು ನೋಡ್ದ ಭಟ್ರೇ. ಮೈನಸ್ 19, ಚೆನ್ನಾಗೇ ಇದೆ.

ಫೈಬರ್‌ಭಟ್ಟ · ನವೆಂಬರ್ 11, ಬೆಳಿಗ್ಗೆ 7:26
ಈಗ ಬಿಸಿಲಿದೆ. ಸಂಜೆ ಮಂಜು ಬಿದ್ದ ಮೇಲೆ ನೋಡಿ.

ಟ್ಯೂಬುಲರ್‌ರಾಜ · ನವೆಂಬರ್ 12, ರಾತ್ರಿ 10:30
ಇಲ್ಲೇ ಕೇಳ್ತೀನಿ, ಬೇಜಾರಾಗ್ಬೇಡಿ. ಟ್ಯೂಬುಲರ್ ತೆಗೆದು ಲಿಥಿಯಂ ಹಾಕಿದೋರು ಯಾರಾದ್ರೂ ಇದೀರಾ? ಹಳೇ ಇನ್ವರ್ಟರಿಗೇ ಹೊಂದುತ್ತಾ, ಅಥವಾ ಅದನ್ನೂ ಬದಲಿಸ್ಬೇಕಾ?