ಕ್ಯಾಂಪರ್ ವ್ಯಾನ್ ಡೀಸೆಲ್ ಹೀಟರ್: ಬಿಳಿ ಹೊಗೆ ಬಂದು ಇ-10 ತೋರಿಸಿ ನಿಲ್ಲುತ್ತಿದೆ

ನಂದಿತಪ್ಪಲು (ಚಿಕ್ಕಬಳ್ಳಾಪುರ):
ಟೆಂಪೋ ಟ್ರಾವೆಲರ್‌ಗೆ 12 ವೋಲ್ಟ್, 2 ಕಿಲೋವ್ಯಾಟ್ ಡೀಸೆಲ್ ಏರ್ ಹೀಟರ್ ಕೂರಿಸಿದೆ. ಆನ್ ಮಾಡಿದ್ರೆ ಫ್ಯಾನ್ ತಿರುಗುತ್ತೆ, ಪಂಪ್ ಟಿಕ್ ಟಿಕ್ ಅನ್ನುತ್ತೆ, ಆಮೇಲೆ ದಟ್ಟ ಬಿಳಿ ಹೊಗೆ. ಎರಡು ಸಲ ತಾನೇ ಪ್ರಯತ್ನ ಮಾಡಿ ಇ-10 ಅನ್ನೋ ದೋಷದ ಕೋಡ್ ತೋರಿಸಿ ನಿಂತುಬಿಡುತ್ತೆ. 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಹಿಂದಿದೆ, ಹೀಟರ್ ಮುಂದಿನ ಸೀಟಿನ ಕೆಳಗೆ, ನಡುವೆ 6 ಮೀಟರ್. ಬೋರ್‌ವೆಲ್ ಮೋಟಾರಿಗೆ ಹಾಕಿ ಉಳಿದಿದ್ದ 2.5 ಸ್ಕ್ವೇರ್ ಎಂಎಂ ಕೇಬಲ್ ಎಳೆದಿದ್ದೇನೆ. ಕಿಟ್‌ನ ಡೀಸೆಲ್ ಟ್ಯೂಬ್ ಸಾಲಲಿಲ್ಲ ಅಂತ ಡ್ರಿಪ್‌ನ ಮೈಕ್ರೋ ಟ್ಯೂಬ್ 2 ಮೀಟರ್ ಸೇರಿಸಿದೆ. ಅಕ್ಟೋಬರ್‌ನಲ್ಲಿ ಲೇಹ್‌ಗೆ ಹೊರಡಬೇಕು. ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಬದಲಾಯಿಸಲೇ?

ತಂತಿಮನೆ (ಕೋಲಾರ):
ಪ್ಲಗ್‌ಗೆ ಈಗಲೇ ದುಡ್ಡು ಹಾಕಬೇಡಿ ಸರ್. ಬಿಳಿ ಹೊಗೆ ಅಂದರೆ ಡೀಸೆಲ್ ಬರ್ತಿದೆ, ಹೊತ್ತಿಕೊಳ್ತಿಲ್ಲ. ಮಲ್ಟಿಮೀಟರನ್ನು ಹೀಟರ್‌ನ ಕನೆಕ್ಟರ್ ಹತ್ತಿರ ಇಟ್ಟು, ಪ್ಲಗ್ ಬಿಸಿಯಾಗುತ್ತಿರುವಾಗಲೇ ರೀಡಿಂಗ್ ತಗೊಳ್ಳಿ. ಅದೇ ಹೊತ್ತಿಗೆ ಬ್ಯಾಟರಿ ಟರ್ಮಿನಲ್‌ನಲ್ಲಿ ಎಷ್ಟಿದೆ ಅಂತಲೂ ಬರೆಯಿರಿ. ಹೀಟರ್ ಆಫ್ ಇದ್ದಾಗಿನ ವೋಲ್ಟೇಜ್ ನೋಡಿ ಪ್ರಯೋಜನವಿಲ್ಲ.

ನಂದಿತಪ್ಪಲು:
ಬ್ಯಾಟರಿಯಲ್ಲಿ 12.1, ಹೀಟರ್ ಹತ್ತಿರ 10.7.

ತಂತಿಮನೆ:
ಅಲ್ಲೇ ಇದೆ ತೊಂದರೆ. ಪ್ಲಗ್ ಬಿಸಿಯಾಗುವಾಗ ಸುಮಾರು 10 ಆಂಪಿಯರ್ ಎಳೆಯುತ್ತೆ. ಹೋಗಿ ಬರುವ ದಾರಿ ಸೇರಿ 12 ಮೀಟರ್ ತಾಮ್ರ; 2.5 ಸ್ಕ್ವೇರ್ ಎಂಎಂನಲ್ಲಿ 0.084 ಓಮ್, ಅಂದರೆ 0.84 ವೋಲ್ಟ್ ಕೇಬಲ್‌ನಲ್ಲೇ ಹೋಯ್ತು. ನಿಮಗೆ ಕಳೆದುಹೋಗ್ತಿರೋದು 1.4. ಉಳಿದ ಅರ್ಧ ವೋಲ್ಟ್‌ಗಿಂತ ಹೆಚ್ಚು ನಿಮ್ಮ ಜಾಯಿಂಟ್ ಮತ್ತು ಫ್ಯೂಸ್ ಹೋಲ್ಡರ್‌ನಲ್ಲಿದೆ. ತಿರುಚಿ ಟೇಪ್ ಸುತ್ತಿರೋ ಜಾಯಿಂಟ್ ಇದ್ದರೆ ಮುಟ್ಟಿ ನೋಡಿ, ಬಿಸಿಯಾಗಿರುತ್ತೆ. ಪ್ಲಗ್‌ನ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯೋದರಿಂದ, 12.1ರ ಜಾಗದಲ್ಲಿ 10.7 ಸಿಕ್ಕರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಾಖ ಹೋಯ್ತು.

6 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರ್ಯಾಂಡ್ ತಾಮ್ರದ ವೈರ್ ಹಾಕಿ, ನಷ್ಟ 0.35 ವೋಲ್ಟ್‌ಗೆ ಇಳಿಯುತ್ತೆ. ವೈರ್ ತುದಿಗೆ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿಮಾಡಿ. ಫ್ಯೂಸ್ ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಲಿ, ಕಿಟ್‌ನಲ್ಲಿ ಹೇಳಿರೋ ರೇಟಿಂಗ್‌ನದೇ. ನೆಗೆಟಿವ್ ಕೂಡ ನೇರ ಬ್ಯಾಟರಿಗೇ ಬರಲಿ, ವ್ಯಾನಿನ ಲೋಹದ ಮೈಗೆ ಜೋಡಿಸಬೇಡಿ.

ಡೀಸೆಲ್‌ಪಂಪು (ತುಮಕೂರು):
ವೈರಿಂಗ್ ಸರಿಹೋದರೂ ಆ ಡ್ರಿಪ್ ಟ್ಯೂಬ್ ಬಿಡುವುದಿಲ್ಲ. ಈ ಪಂಪ್ ಒಂದು ಬಡಿತಕ್ಕೆ ತಳ್ಳುವುದು ಸುಮಾರು 0.02 ಮಿಲಿ. 2 ಮಿ.ಮೀ. ಒಳವ್ಯಾಸದ ಟ್ಯೂಬ್‌ನಲ್ಲಿ ಅದು 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಡ್ರಿಪ್‌ನ 4 ಮಿ.ಮೀ. ಒಳವ್ಯಾಸದಲ್ಲಿ 1.6 ಮಾತ್ರ. ಅಲ್ಲಿ ಗಾಳಿಗುಳ್ಳೆ ಡೀಸೆಲ್ ಜೊತೆ ಸಾಗದೆ ಮೇಲ್ಭಾಗದಲ್ಲಿ ಕೂತು ಸೇರಿಕೊಂಡು ದೊಡ್ಡದಾಗುತ್ತದೆ. ಅದು ಹೀಟರ್ ಮುಟ್ಟಿದಾಗ ಉರಿ ಆರಿಹೋಗುತ್ತದೆ. ಜೊತೆಗೆ ಅದು ನೀರಿಗೆ ಮಾಡಿದ ಪ್ಲಾಸ್ಟಿಕ್, ಡೀಸೆಲ್‌ಗೆ ಮೆತ್ತಗಾಗಿ ಜಾಯಿಂಟ್‌ನಲ್ಲಿ ಸಡಿಲವಾಗುತ್ತದೆ. ಪೂರಾ ಕಿತ್ತು 2 ಮಿ.ಮೀ. ಗಟ್ಟಿ ನೈಲಾನ್ ಟ್ಯೂಬ್ ಹಾಕಿ. ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಎರಡು ತುದಿ ಒಂದಕ್ಕೊಂದು ತಾಗುವಂತೆ ರಬ್ಬರ್ ಕೊಳವೆಯೊಳಗೆ ಕೂರಿಸಿ ಕ್ಲಿಪ್ ಬಿಗಿಯಿರಿ. ನಡುವೆ ಸಂದು ಉಳಿದರೆ ಅಲ್ಲೇ ಗುಳ್ಳೆ.

ಪಂಪ್ ಹೇಗೆ ಕೂರಿಸಿದ್ದೀರಿ? ಅಡ್ಡ ಮಲಗಿಸಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಬಾಯಿ ಮೇಲಕ್ಕೆ, 15ರಿಂದ 35 ಡಿಗ್ರಿ ಓರೆ, ಟ್ಯಾಂಕಿಗೆ ಹತ್ತಿರ. ಆಮೇಲೆ ಹೀಟರ್ ಕಡೆಯ ತುದಿ ಬಿಚ್ಚಿ 5 ಮಿಲಿ ಸಿರಿಂಜಿಗೆ ಹಿಡಿದು 200 ಬಡಿತ ಎಣಿಸಿ. ಹೆಚ್ಚುಕಡಿಮೆ 4 ಮಿಲಿ ಬರಬೇಕು. ತೀರಾ ಕಡಿಮೆಯಾದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ.

ಅಷ್ಟು ಸಲ ಹೊತ್ತದೆ ನಿಂತ ಹೀಟರ್‌ನ ಒಳಗೆ ಡೀಸೆಲ್ ನಿಂತಿರುತ್ತದೆ. ಮತ್ತೆ ಮತ್ತೆ ಆನ್ ಮಾಡಬೇಡಿ, ಹೊತ್ತಿಕೊಂಡರೆ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ, ಅದರ ಗೂಡಿನ ಪುಟ್ಟ ಜಾಲರಿ ಹೊರತೆಗೆದು ನೋಡಿ. ಮಸಿ ಕಟ್ಟಿದ್ದರೆ ಉಜ್ಜುವ ಬದಲು ಹೊಸದು ಹಾಕಿ, ಬೆಲೆ ಹೆಚ್ಚಿಲ್ಲ.

ಚಳಿಗಾಲ (ಶಿಡ್ಲಘಟ್ಟ):
ಇಷ್ಟೆಲ್ಲ ಯಾಕೆ? ರೇಷ್ಮೆ ಹುಳು ಮನೆಗೆ ಇಡೋ ಇದ್ದಿಲ ಒಲೆ ಒಂದು ಗಂಟೆ ಇಟ್ಟರೆ ವ್ಯಾನ್ ಬೆಚ್ಚಗಾಗಲ್ವಾ?

ಡೀಸೆಲ್‌ಪಂಪು:
ದಯವಿಟ್ಟು ಇಡಬೇಡಿ ಅಣ್ಣ. ಇದ್ದಿಲು, ಗ್ಯಾಸ್ ಒಲೆ ಎರಡೂ ಉರಿದ ಗಾಳಿಯನ್ನು ಒಳಗೇ ಬಿಡುತ್ತವೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಡೀಸೆಲ್ ಹೀಟರ್‌ನಲ್ಲಿ ಉರಿಯುವ ಗಾಳಿ ಬೇರೆ, ಒಳಗೆ ಬೀಸುವ ಗಾಳಿ ಬೇರೆ. ಆ ಬೇರ್ಪಡೆ ಉಳಿಯುವುದು ನಾವು ಕೂರಿಸುವ ರೀತಿಯಲ್ಲಿ. ಹೊಗೆ ಪೈಪು ಮತ್ತು ಗಾಳಿ ಎಳೆಯುವ ಪೈಪು ಎರಡರ ಜಾಯಿಂಟೂ ನೆಲದ ತಗಡಿನ ಕೆಳಗೆ ಇರಬೇಕು, ಹೀಟರ್ ಬುಡದ ಗ್ಯಾಸ್ಕೆಟ್ ಹರಿದಿರಬಾರದು. ಹೊಗೆ ಪೈಪಿನ ಬಾಯಿ ಬಾಗಿಲು, ಕಿಟಕಿ, ಗಾಳಿ ಪೈಪು ಇವುಗಳಿಂದ ದೂರ, ವ್ಯಾನಿನ ಅಂಚು ದಾಟಿರಲಿ. ಪೈಪು ಕೆಳಮುಖವಾಗಿ ಇಳಿಯಲಿ. ತಗ್ಗು ಬಂದರೆ ಅಲ್ಲಿ ನೀರು ನಿಂತು ಹೊಗೆ ಕಟ್ಟುತ್ತದೆ. ಹಾಸಿಗೆಯ ಎತ್ತರದಲ್ಲಿ ಒಂದು ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ. ಇದನ್ನು ಮಾತ್ರ ಆಮೇಲೆ ನೋಡೋಣ ಅನ್ನಬೇಡಿ.

ನಂದಿತಪ್ಪಲು:
6 ಸ್ಕ್ವೇರ್ ಎಂಎಂ, ಹೊಸ ಟ್ಯೂಬ್, ಪಂಪ್ ಓರೆ, ಜಾಲರಿ ಬದಲು. ಈಗ ಹೀಟರ್ ಹತ್ತಿರ 11.7. ಸಿರಿಂಜಿನಲ್ಲಿ 200 ಬಡಿತಕ್ಕೆ 4.2 ಮಿಲಿ. ಮೊದಲ ಸಲಕ್ಕೇ ಹೊತ್ತಿತು, ಸ್ವಲ್ಪ ಹೊಗೆ ಬಂದು ನಿಂತಿತು. ನಾಲ್ಕು ಗಂಟೆ ಓಡಿದೆ. ಲೇಹ್‌ಗೆ ಹೀಗೇ ಒಯ್ಯಬಹುದಾ?

ಡೀಸೆಲ್‌ಪಂಪು:
ಹೀಗೇ ಒಯ್ದರೆ ಮಸಿ ಕಟ್ಟುತ್ತದೆ. ಚಿಕ್ಕಬಳ್ಳಾಪುರ 900 ಮೀಟರ್ ಆಸುಪಾಸು, ಲೇಹ್ 3500. ಅಲ್ಲಿನ ಗಾಳಿಯ ಒತ್ತಡ ನಿಮ್ಮ ಊರಿನದಕ್ಕೆ ಹೋಲಿಸಿದರೆ ಮುಕ್ಕಾಲು ಭಾಗವೂ ಇಲ್ಲ, ಡೀಸೆಲ್ ಮಾತ್ರ ಅಷ್ಟೇ ಬೀಳುತ್ತಿರುತ್ತದೆ. ಎತ್ತರಕ್ಕೆ ಹೊಂದಿಸುವ ಆಯ್ಕೆ ಕಂಟ್ರೋಲರ್‌ನಲ್ಲಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಪಂಪ್‌ನ ಗರಿಷ್ಠ ವೇಗ 4 ಹರ್ಟ್ಜ್ (ಸೆಕೆಂಡಿಗೆ 4 ಬಡಿತ) ಇದ್ದರೆ 3ರ ಹತ್ತಿರಕ್ಕೆ ತನ್ನಿ, ಕನಿಷ್ಠವನ್ನೂ ಅದೇ ಪ್ರಮಾಣದಲ್ಲಿ ಇಳಿಸಿ. ಫ್ಯಾನ್ ವೇಗ ಇಳಿಸಬೇಡಿ. ಹೊಗೆ ಪೈಪಿನ ಬಾಯಿ ಕರ್ರಗಾಗಿ ಮಸಿ ಕೈಗೆ ಹತ್ತಿದರೆ ಇನ್ನೂ ಸ್ವಲ್ಪ ಇಳಿಸಿ. ಶಾಖ ಕಡಿಮೆಯಾಗುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಇಳಿದು ಬಂದ ಮೇಲೆ ಹಳೆಯ ಅಂಕಿಗೆ ಮರಳಿಸಿ, ಈಗಲೇ ಬರೆದಿಟ್ಟುಕೊಳ್ಳಿ.

ನಮ್ಮೂರಿನ ಡೀಸೆಲ್ ಕಡು ಚಳಿಗೆ ಮೇಣಗಟ್ಟುತ್ತದೆ. ಹೀಟರ್‌ನ ಟ್ಯಾಂಕ್ ದಾರಿಯಲ್ಲಿ ಖಾಲಿ ಮಾಡಿಕೊಂಡು ಹೋಗಿ, ಅಲ್ಲಿಯ ಬಂಕಿನಲ್ಲಿ ಚಳಿಗಾಲದ ಡೀಸೆಲ್ ಕೇಳಿ ತುಂಬಿಸಿ.

ತಂತಿಮನೆ:
ಒಂದು ಸೇರಿಸ್ತೀನಿ. ನಿಲ್ಲಿಸುವಾಗ ಕಂಟ್ರೋಲರ್‌ನಿಂದಲೇ ಆಫ್ ಮಾಡಿ, ಮೇನ್ ಸ್ವಿಚ್ ತೆಗೀಬೇಡಿ. ಫ್ಯಾನ್ ಕೆಲವು ನಿಮಿಷ ಓಡಿ ಒಳಗಿನ ಬಿಸಿ ಹೊರಹಾಕಬೇಕು, ಇಲ್ಲಾಂದ್ರೆ ಆ ಕಾವು ಫ್ಯಾನ್ ಮೋಟಾರ್ ಕಡೆ ಬರುತ್ತೆ. ಓಡುವಾಗ 1.5 ಆಂಪಿಯರ್ ಲೆಕ್ಕಕ್ಕೆ ಎಂಟು ಗಂಟೆಗೆ 12 ಆಂಪಿಯರ್-ಅವರ್, ಶುರು ಮಾಡೋಕೆ, ನಿಲ್ಲಿಸೋಕೆ ಇನ್ನೊಂದು. ನಿಮ್ಮ ಬ್ಯಾಟರಿಗೆ ಅದು ಭಾರ ಅಲ್ಲ, ಆದರೆ ಬೆಳಗಿನ ಜಾವ ವೋಲ್ಟೇಜ್ 12ಕ್ಕಿಂತ ಕೆಳಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ ಚಾರ್ಜ್‌ಗೆ ಬಿಟ್ಟ ಮೇಲೇ ಹೀಟರ್ ಆನ್ ಮಾಡಿ.